ಬುಟ್ಟಿ ಚೆಂಡಾಟದ ತಾಯಿ ಸೆಂಡಾ ಬೆರೆನ್ಸನ್

ಮುಂಬಯಿಯ ನಾಗಪಾಡಾ ಕಡೆ ದುಡಿಯುವ ನಮ್ಮ ವಾಚಕರಿಗೆ ಬಾಸ್ಕೆಟ್‌ಬಾಲ್ ಆಟದ ಪರಿಚಯವನ್ನು ಹೊಸತಾಗಿ ಮಾಡಿಕೊಡಬೇಕಾದುದಿಲ್ಲ. ಆ ಪೇಟೆಯ ಹುಡುಗರು ಚೆಂಡನ್ನು ನೆಲಕ್ಕೆ ಪುಟಿಸುತ್ತ ಓಡಿ, ಎತ್ತರದಲ್ಲಿ ತೂಗುವ ಬಳೆಯೊಳಗೆ ಎಸೆಯುವುದನ್ನು ಅವರು ಕಂಡವರೇ. ಮದರಾಸಿನ ವಾಚಕರು 1920ರಲ್ಲಿ ಹ್ಯಾರಿ ಬಕ್ ಎಂಬ ಅಮೆರಿಕದ ಮಹನೀಯರು ಸ್ಥಾಪಿಸಿದ ವೈ.ಎಂ.ಸಿ.ಎ. ವ್ಯಾಯಾಮ ಕಾಲೇಜಿನ ಹೆಸರನ್ನು ಕೇಳಿರಬಹುದು. ಇಂದು ಹುಡುಗಿಯರೂ ಈ ಆಟವನ್ನು ಆಡುತ್ತಾರೆ, ಅದರಲ್ಲಿ ಯಾರಿಗೂ ವಿಸ್ಮಯವಿಲ್ಲ. ಆದರೆ ಹೆಣ್ಣುಮಕ್ಕಳ ಕೈಗೆ ಆ ಚೆಂಡನ್ನು ಮೊದಲು ಕೊಟ್ಟವರ ಸಾಲಿನಲ್ಲಿ ಮುಂದೆ ನಿಲ್ಲುವಾಕೆ ಹುಟ್ಟೂರನ್ನು ಬಿಟ್ಟು ಬಂದ ಒಬ್ಬ ತಿರುಗು ವ್ಯಾಪಾರಿಯ ಮಗಳೆಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಆಕೆಯ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಸೆಂಡಾ ಜನಿಸಿದುದು 1868ನೆಯ ಇಸವಿ ಮಾರ್ಚ್ 19ರಂದು, ಆಗ ರಷ್ಯಾ ಚಕ್ರಾಧಿಪತ್ಯಕ್ಕೆ ಸೇರಿದ್ದ, ಈಗ ಲಿಥುವೇನಿಯಾ ದೇಶದಲ್ಲಿರುವ ಬುಟ್ರಿಮೋನಿಸ್ ಎಂಬ ಸಣ್ಣ ಊರಿನಲ್ಲಿ. ಕುಟುಂಬವು ಯೆಹೂದ್ಯರದು, ಮನೆತನದ ಹೆಸರು ವಾಲ್ವ್ರೊಜೆನ್ಸ್ಕಿ. ತಂದೆಯು ಮೊದಲು ತಾನೊಬ್ಬನೇ ಸಮುದ್ರ ದಾಟಿ ಅಮೆರಿಕದ ಬಾಸ್ಟನ್ ನಗರಕ್ಕೆ ಹೋಗಿ, ನೆಲೆ ಕಂಡುಕೊಂಡ ಮೇಲೆ 1875ರಲ್ಲಿ ಹೆಂಡತಿ ಮಕ್ಕಳನ್ನು ಕರೆಸಿಕೊಂಡನು. ಮುಂದೆ ಹೋಗಿ ನಿಂತವನು ಹಿಂದಿನವರಿಗೆ ಕಾಗದ ಬರೆದು ಕರೆಸಿಕೊಳ್ಳುವ ಈ ಕ್ರಮವನ್ನು ನಮ್ಮ ವಾಚಕರಿಗೆ ವಿವರಿಸಬೇಕಾದುದಿಲ್ಲ. ಹೊಸ ನಾಡಿನವರ ನಾಲಗೆಗೆ ಹಳೆಯ ಹೆಸರು ಹೊರಳದಾದುದರಿಂದ ಆತನು ಬೆರೆನ್ಸನ್ ಎಂಬ ಹೆಸರನ್ನಿಟ್ಟುಕೊಂಡು, ಪಾತ್ರೆ ಪಡಗಗಳನ್ನು ಮನೆಮನೆಗೆ ಮಾರಿ ಸಂಸಾರವನ್ನು ಸಾಗಿಸಿದನು. ಹಿರಿಯ ಮಗ ಬರ್ನಾರ್ಡ್ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಓದಿ, ಮುಂದೆ ಇಟಲಿಯ ಪ್ರಾಚೀನ ಚಿತ್ರಗಳ ಮಹಾ ಪರೀಕ್ಷಕನೆಂದು ಜಗತ್ಪ್ರಸಿದ್ಧನಾದನು. ಮಗಳ ಕಡೆ ಅಂಥ ಭರವಸೆ ಯಾರಿಗೂ ಇರಲಿಲ್ಲ.

ಕಾರಣ ಆಕೆಯ ಅನಾರೋಗ್ಯ. ಬಾಸ್ಟನ್ನಿನ ಬಾಲಿಕಾ ಪಾಠಶಾಲೆಗೆ ಸೇರಿದವರು ಓದನ್ನು ಮುಗಿಸಲಾಗಲಿಲ್ಲ. ಪಿಯಾನೋ ನುಡಿಸಲು ಕಲಿಯಹೊರಟರೆ ಬೆನ್ನುನೋವು ಬಹಳ ಹೊತ್ತು ಕುಳಿತಿರಲು ಬಿಡಲಿಲ್ಲ. 1890ರಲ್ಲಿ, ಮೈಗೆ ಕೊಂಚ ಬಲ ಬಂದರೆ ಸಂಗೀತವನ್ನು ಮುಂದುವರಿಸಬಹುದೆಂಬ ಒಂದೇ ಆಸೆಯಿಂದ, ಮೇರಿ ಹೆಮೆನ್ವೇ ಎಂಬ ಧನಿಕ ಮಹಿಳೆಯ ಧರ್ಮದಿಂದ ನಡೆಯುತ್ತಿದ್ದ ಬಾಸ್ಟನ್ ವ್ಯಾಯಾಮ ಶಿಕ್ಷಕಿಯರ ಶಾಲೆಯನ್ನು ಸೇರಿದರು. ಅಲ್ಲಿ ಏಮಿ ಮಾರಿಸ್ ಹೋಮನ್ಸ್ ಎಂಬಾಕೆಯ ಆಡಳಿತ. ಕಲಿಸುತ್ತಿದ್ದುದು ಸ್ವೀಡನ್ ದೇಶದ ಪದ್ಧತಿಯ ಅಂಗಸಾಧನೆ. ಮೊದಮೊದಲು ಸೆಂಡಾಗೆ ಅದು ಬೇಡವೇ ಬೇಡವಾಗಿತ್ತು. ಕೆಲವು ನಿಮಿಷ ನೆಟ್ಟಗೆ ನಿಂತರೆ ಸಾಕು, ಹೋಗಿ ಮಲಗಬೇಕಾಗುತ್ತಿತ್ತು. ತಿಂಗಳುಗಳು ಕಳೆದಂತೆ ನೋವು ಹಿಂಜರಿಯಿತು, ಪಿಯಾನೋ ಮರೆಯಿತು. ಎರಡು ವರ್ಷದ ಪಾಠ ಮುಗಿಯುವುದಕ್ಕೆ ಮೊದಲೇ, 1892ರ ಜನವರಿಯಲ್ಲಿ, ನಾರ್ಥಾಂಪ್ಟನ್ ಊರಿನ ಸ್ಮಿತ್ ಕಾಲೇಜಿಗೆ ಬದಲಿ ಶಿಕ್ಷಕಿಯಾಗಿ ಹೋಗುವಂತೆ ಅಪ್ಪಣೆಯಾಯಿತು. ಬದಲಿಗೆಂದು ಹೋದವರು ಅಲ್ಲಿ 19 ವರ್ಷ ನಿಂತರು.

ಸ್ಮಿತ್ ಕಾಲೇಜು ಸ್ತ್ರೀಯರಿಗಾಗಿಯೇ ಏರ್ಪಟ್ಟ ವಿದ್ಯಾಸಂಸ್ಥೆ. ಬೆರೆನ್ಸನ್ ಕುಟುಂಬವು ಹಡಗಿನಿಂದಿಳಿದ 1875ರಲ್ಲಿಯೇ ಅದು 14 ಮಂದಿ ವಿದ್ಯಾರ್ಥಿನಿಯರೊಡನೆ ಬಾಗಿಲು ತೆರೆದಿತ್ತು. ಆದರೆ ಹೆಣ್ಣು ಹೆಚ್ಚು ಓದಿದರೆ ಮಿದುಳಿಗೆ ರಕ್ತವೇರಿ ತಾಯಿಯಾಗುವ ಶಕ್ತಿ ಕುಂದುವುದೆಂಬ ವಾದವನ್ನು ಎಡ್ವರ್ಡ್ ಕ್ಲಾರ್ಕ್ ಎಂಬ ಹೆಸರಾಂತ ವೈದ್ಯರು 1873ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದ್ದರು. ಓದುವ ಹುಡುಗಿಯೊಬ್ಬಳು ಕಾಯಿಲೆ ಬಿದ್ದರೆ ಆ ವೈದ್ಯರ ಮಾತು ನಿಜವಾಯಿತೆನ್ನಲು ಜನ ಕಾದಿದ್ದರು. ಆದುದರಿಂದ ಇಂಥ ಕಾಲೇಜುಗಳಿಗೆ ವ್ಯಾಯಾಮವು ಅಲಂಕಾರವಾಗಿರಲಿಲ್ಲ. ಅದು ತಮ್ಮ ಅಸ್ತಿತ್ವದ ಪ್ರಶ್ನೆಯಾಗಿತ್ತು. ಹುಡುಗಿಯರಿಗೋ ಸಾಲಾಗಿ ನಿಂತು ಅಪ್ಪಣೆಗೆ ತಕ್ಕಂತೆ ಕೈಕಾಲು ಎತ್ತುವುದರಲ್ಲಿ ಕಿಂಚಿತ್ತೂ ರುಚಿಯಿರಲಿಲ್ಲ.

ಇದೇ ಸಮಯಕ್ಕೆ ಸರಿಯಾಗಿ, ಅಲ್ಲಿಂದ ಬಹು ದೂರವಲ್ಲದ ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ಶಿಕ್ಷಣಶಾಲೆಯಲ್ಲಿ ಜೇಮ್ಸ್ ನೇಯ್‌ಸ್ಮಿತ್ ಎಂಬ ಉಪಾಧ್ಯಾಯರು ಚಳಿಗಾಲದಲ್ಲಿ ಸೂರಿನಡಿ ಆಡಬಹುದಾದ ಹೊಸ ಆಟವೊಂದನ್ನು 1891ರ ಡಿಸೆಂಬರಿನಲ್ಲಿ ಕಟ್ಟಿದ್ದರು. ಪೀಚ್ ಹಣ್ಣಿನ ಎರಡು ಬುಟ್ಟಿ, ಒಂದು ಕಾಲ್ಚೆಂಡು, 13 ನಿಯಮ, ಪಕ್ಷಕ್ಕೆ ಒಂಬತ್ತು ಮಂದಿ ಗಂಡಸರು; ಅಷ್ಟೇ. ಅದರ ವಿವರ ಪತ್ರಿಕೆಯಲ್ಲಿ ಬಂದುದನ್ನು ಸೆಂಡಾ ಓದಿದರು. ಓದಿ ಪಕ್ಕಕ್ಕಿಡದೆ ತಮ್ಮ ಹುಡುಗಿಯರಿಗೆ ಕಲಿಸಿಯೇ ಬಿಟ್ಟರು.

1893ನೆಯ ಮಾರ್ಚ್ 22ರಂದು ಎರಡನೆಯ ವರ್ಷದ ತರಗತಿಗೂ ಮೊದಲನೆಯ ವರ್ಷದ ತರಗತಿಗೂ ಪಂದ್ಯ ಏರ್ಪಟ್ಟಿತು. ಕಾಲೇಜು ಸ್ತ್ರೀಯರು ಆಡಿದ ಪ್ರಥಮ ಬಾಸ್ಕೆಟ್‌ಬಾಲ್ ಪಂದ್ಯವೆಂದು ಚರಿತ್ರೆಯಲ್ಲಿ ಎಣಿಕೆಯಾಗಿರುವುದು ಇದೇ. ಹುಡುಗಿಯರು ಉದ್ದ ಲಂಗವನ್ನು ಬಿಟ್ಟು ಸಡಿಲವಾದ ಷರಾಯಿ ತೊಟ್ಟಿದ್ದರು. ಆದುದರಿಂದ ಗಂಡಸರಿಗೆ ಪ್ರವೇಶವಿರಲಿಲ್ಲ. ಒಳಗೆ ಎರಡು ತರಗತಿಯ ಗೆಳತಿಯರ ಕೂಗು ಕಿವಿಗಡಚಿಕ್ಕುವಂತಿತ್ತು. ಆಟದ ಆರಂಭದಲ್ಲಿಯೇ ಅಪಶಕುನವೊಂದು ನಡೆಯಿತು. ಚೆಂಡನ್ನು ಮೇಲಕ್ಕೆಸೆಯಹೋದ ಸೆಂಡಾರ ಕೈ ಮೊದಲ ವರ್ಷದವರ ನಾಯಕಿಯ ಚಾಚಿದ ತೋಳಿಗೆ ಬಡಿದು ಆಕೆಯ ಭುಜದ ಕೀಲು ತಪ್ಪಿತು! ಹೆಣ್ಣಿಗೆ ಆಟ ಅಪಾಯವೆನ್ನುವವರು ಹೊರಗೆ ಕಾದಿರುವಾಗ ಒಳಗೆ ಹೀಗಾದರೆ ಏನು ಗತಿ? ಮತ್ತೊಬ್ಬಳಾದರೆ ಅಂದಿಗೆ ಆಟವನ್ನು ನಿಲ್ಲಿಸಿ ಕೈಮುಗಿಯುತ್ತಿದ್ದಳೋ ಏನೋ. ಇಲ್ಲಿ ಹುಡುಗಿಯನ್ನು ಪಕ್ಕದ ಕೋಣೆಗೆ ಕರೆದೊಯ್ದು ಕೀಲನ್ನು ಎಳೆದು ಕೂಡಿಸಿದರು; ಅವಳ ಸ್ಥಾನಕ್ಕೆ ಬೇರೊಬ್ಬಳು ಬಂದಳು; ಆಟ ಮುಂದುವರಿಯಿತು. ಎರಡನೆಯ ವರ್ಷದವರು 5ಕ್ಕೆ 4ರಂತೆ ಗೆದ್ದರು.

ಈ ಆಟವು ಹುಡುಗಿಯರನ್ನು ಎಷ್ಟು ಬೇಗ ಹಿಡಿಯಿತೆಂದರೆ ಕಸಿದುಕೊಳ್ಳುವುದು, ತಳ್ಳುವುದು, ಒಬ್ಬಳೇ ಚೆಂಡನ್ನು ಬಿಡದೆ ಕೊಂಡೊಯ್ಯುವುದು ಇವೆಲ್ಲ ತೋರತೊಡಗಿದುವು. ಸೆಂಡಾ ಆಲೋಚಿಸಿ ನಿಯಮಗಳನ್ನು ಮಾರ್ಪಡಿಸಿದರು. ಕಣಕ್ಕೆ ಅಡ್ಡಗೆರೆಗಳನ್ನೆಳೆದು ಮೂರು ಭಾಗ ಮಾಡಿದರು; ಒಂದು ಭಾಗದವಳು ಇನ್ನೊಂದಕ್ಕೆ ಕಾಲಿಡಬಾರದು. ಎದುರಾಳಿಯ ಕೈಯಿಂದ ಚೆಂಡನ್ನು ಕಿತ್ತುಕೊಳ್ಳಬಾರದು. ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದಿರಬಾರದು, ಮೂರು ಬಾರಿಗಿಂತ ಹೆಚ್ಚು ಪುಟಿಸಬಾರದು. ಆದುದರಿಂದ ಚೆಂಡು ಬುಟ್ಟಿಯನ್ನು ಸೇರಬೇಕಾದರೆ ಹಲವರ ಕೈ ದಾಟಿಯೇ ಹೋಗಬೇಕು.

ನಾವು ಹಲವು ವರ್ಷ ಹೋಟೆಲು ನಡೆಸಿ ಬಳಿಕ ಲೇಖನಿ ಹಿಡಿದವರಾದುದರಿಂದ ಈ ಏರ್ಪಾಡು ನಮಗೆ ಕೂಡಲೇ ಅರ್ಥವಾಗುತ್ತದೆ. ಒಲೆಯ ಮುಂದಿನ ಭಟ್ಟರು ಗಲ್ಲಾದ ಕಡೆ ಬರುವುದಿಲ್ಲ. ಸಪ್ಲಾಯರ್ ಕಾವಲಿಗೆ ಕೈಹಾಕುವುದಿಲ್ಲ. ದೋಸೆಯು ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ದಾಟಿ ಗಿರಾಕಿಯ ಮೇಜನ್ನು ಮುಟ್ಟುತ್ತದೆ. ನೂಕುನುಗ್ಗಲಿಲ್ಲದೆ ಕೆಲಸ ಸಾಗಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೆ ಕ್ಲೀನರ್ ಆಗಿ ಸೇರಿದ ಹುಡುಗನನ್ನು ಇಪ್ಪತ್ತು ವರ್ಷ ಒಲೆಯ ಬಳಿ ಸುಳಿಯಗೊಡದಿದ್ದರೆ ಅವನು ಅಡಿಗೆ ಕಲಿಯುವುದು ಯಾವಾಗ? ಸೆಂಡಾ ಎಳೆದ ಗೆರೆಗಳಿಗೂ ಇದೇ ಪ್ರಶ್ನೆ ಮುಂದೆ ಎದುರಾಯಿತು. ಆ ಗೆರೆಗಳಿಲ್ಲದಿದ್ದಲ್ಲಿ 1893ರ ತಂದೆತಾಯಿಗಳೂ ವೈದ್ಯರೂ ಆಟವನ್ನೇ ಮುಚ್ಚಿಸುತ್ತಿದ್ದರೆಂಬುದು ನಮ್ಮ ಅಭಿಪ್ರಾಯ. ಅದೇ ಗೆರೆಗಳಿಂದಾಗಿ ಮುಂದಿನ ಹಲವು ತಲೆಮಾರಿನ ಹುಡುಗಿಯರು ಕಣದ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಲಾಗಲಿಲ್ಲವೆಂಬುದೂ ಅಷ್ಟೇ ಸತ್ಯ.

ಇನ್ನೊಂದು ವಿಷಯದಲ್ಲಿಯೂ ಆಕೆ ಬಿಗಿ. ಕಾಲೇಜು ಕಾಲೇಜುಗಳ ನಡುವಣ ಪಂದ್ಯ ಆಕೆಗೆ ಒಪ್ಪಿಗೆಯಿರಲಿಲ್ಲ. ಗೆಲ್ಲುವ ಹಟವು ಆಟದ ಹಿತವನ್ನು ನುಂಗುವುದೆಂದು ನಂಬಿದ್ದರು. ಆದರೆ ದೇಶದ ಇನ್ನೊಂದು ತುದಿಯಲ್ಲಿ ವಿಶ್ವವಿದ್ಯಾನಿಲಯದ ಹುಡುಗಿಯರು ಕಾಯಲಿಲ್ಲ. 1896ರ ಏಪ್ರಿಲ್ 4ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ವಿಶ್ವವಿದ್ಯಾನಿಲಯಗಳ ಸ್ತ್ರೀ ತಂಡಗಳು ಎದುರುಬದುರಾಗಿ, ಸ್ಟ್ಯಾನ್‌ಫರ್ಡ್ 2ಕ್ಕೆ 1ರಂತೆ ಜಯಿಸಿತು. ಅಲ್ಲಿಯೂ ಗಂಡಸರಿಗೆ ಬಾಗಿಲು ಮುಚ್ಚಿತ್ತು. ಇತ್ತ ಸೆಂಡಾ 1897ರಲ್ಲಿ ಸ್ಟಾಕ್‌ಹೋಮಿಗೆ ಹೋಗಿ ವ್ಯಾಯಾಮಶಾಸ್ತ್ರದ ಮೂಲವನ್ನೇ ಅಭ್ಯಸಿಸಿ ಬಂದರು. ಊರಿಗೊಂದು ನಿಯಮವಾಗಿ ಗೊಂದಲವೆದ್ದಾಗ 1899ರಲ್ಲಿ ಸ್ಪ್ರಿಂಗ್‌ಫೀಲ್ಡಿನಲ್ಲಿ ಸಮಿತಿ ಕೂಡಿತು. ಆಕೆ ಸಂಪಾದಿಸಿದ ನಿಯಮಾವಳಿಯು 1901ರಲ್ಲಿ ಅಚ್ಚಾಯಿತು. ಬಹುಕಾಲ ಅದರ ಸಂಪಾದಕತ್ವ ಆಕೆಯದೇ.

1911ರಲ್ಲಿ ಅದೇ ಕಾಲೇಜಿನ ಇಂಗ್ಲಿಷ್ ಪ್ರಾಧ್ಯಾಪಕ ಹರ್ಬರ್ಟ್ ವಾನ್ ಅಬಟ್ ಅವರನ್ನು ವಿವಾಹವಾಗಿ ಕಾಲೇಜಿಗೆ ರಾಜೀನಾಮೆಯಿತ್ತರು. ಪ್ರಾಧ್ಯಾಪಕರ ಕೆಲಸ ಮುಂದುವರಿಯಿತು, ಪ್ರಾಧ್ಯಾಪಕರ ಪತ್ನಿಯದು ನಿಂತಿತು. ಅಂದಿನ ಲೋಕರೂಢಿಯೇ ಹಾಗೆ. ಆಕೆ ಮಾತ್ರ ಸುಮ್ಮನಿರದೆ ಅದೇ ಊರಿನ ಬರ್ನ್‌ಹ್ಯಾಮ್ ಶಾಲೆಯಲ್ಲಿ 1921ರ ತನಕ ವ್ಯಾಯಾಮ ವಿಭಾಗವನ್ನು ನಡೆಸಿದರು. 1929ರಲ್ಲಿ ಪತಿವಿಯೋಗವಾಯಿತು. 1934ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾಕ್ಕೆ ಹೋಗಿ ತಂಗಿ ಬೆಸ್ಸಿಯೊಡನೆ ನೆಲೆಸಿದರು.

ಆಕೆ ಅಲ್ಲಿ 73ರ ವೃದ್ಧೆಯಾಗಿದ್ದ 1941ರಲ್ಲಿ ನಾಜಿ ಸೈನ್ಯವು ಲಿಥುವೇನಿಯಾವನ್ನು ಆಕ್ರಮಿಸಿತು. ಸೆಪ್ಟೆಂಬರ್ 9ರಂದು ಬುಟ್ರಿಮೋನಿಸ್ ಊರಿನ 740 ಯೆಹೂದ್ಯರನ್ನು ಒಂದೇ ದಿನ ಗುಂಡಿಕ್ಕಿ ಕೊಂದರು. ಅವರಲ್ಲಿ 303 ಮಂದಿ ಮಕ್ಕಳು. ಕೊಂದವರೇ ಬರೆದಿಟ್ಟ ಲೆಕ್ಕವಿದು. ಅರವತ್ತಾರು ವರ್ಷಗಳ ಹಿಂದೆ ಆ ತಿರುಗು ವ್ಯಾಪಾರಿಯು ಹೆಂಡತಿ ಮಕ್ಕಳನ್ನು ಬಾಸ್ಟನ್ನಿಗೆ ಕರೆಸಿಕೊಳ್ಳದಿದ್ದರೆ ಎಂಬ ಯೋಚನೆ ಈ ಅಂಕಿಗಳನ್ನು ಓದುವಾಗ ನಮ್ಮನ್ನು ಬಿಡಲಿಲ್ಲ.

ಸೆಂಡಾ 1954ರ ಫೆಬ್ರವರಿ 16ರಂದು, 85ನೆಯ ವಯಸ್ಸಿನಲ್ಲಿ ಮೃತರಾದರು. ಅದಕ್ಕೆ ಮೊದಲೇ, 1938ರಲ್ಲಿ, ಕಣದ ಮೂರು ಭಾಗ ಎರಡಾಗಿತ್ತು. 1971ರಲ್ಲಿ ಅಮೆರಿಕದ ಕಾಲೇಜು ಹುಡುಗಿಯರಿಗೆ ಗಂಡಸರಂತೆಯೇ ಐವರು ಇಡೀ ಕಣದಲ್ಲಿ ಓಡಾಡಿ ಆಡುವ ಪದ್ಧತಿ ಬಂದಿತು. ಅಯೋವಾ ಪ್ರಾಂತದ ಪ್ರೌಢಶಾಲೆಗಳು ಮಾತ್ರ ಹಳೆಯ ಗೆರೆಯನ್ನು 1993ರ ತನಕ ಅಳಿಸಲಿಲ್ಲ. 1976ರಲ್ಲಿ ಮಾಂಟ್ರಿಯಲ್ಲಿನಲ್ಲಿ ಸ್ತ್ರೀಯರ ಬಾಸ್ಕೆಟ್‌ಬಾಲ್ ಮೊತ್ತಮೊದಲು ಒಲಿಂಪಿಕ್ ಕಣವನ್ನೇರಿತು. 1985ರಲ್ಲಿ ಸ್ಪ್ರಿಂಗ್‌ಫೀಲ್ಡಿನ ಬಾಸ್ಕೆಟ್‌ಬಾಲ್ ಕೀರ್ತಿಮಂದಿರವು ಪ್ರಥಮ ಬಾರಿಗೆ ಸ್ತ್ರೀಯರ ಹೆಸರುಗಳನ್ನು ಸೇರಿಸಿಕೊಂಡಿತು. ಆ ಮಂದಿರಕ್ಕೆ ಇಟ್ಟಿರುವುದು ನೇಯ್‌ಸ್ಮಿತ್ತರ ಹೆಸರು. ಆ ವರ್ಷ ಅದರೊಳಗೆ ಸೇರಿದ ಸ್ತ್ರೀಯರಲ್ಲಿ ಸೆಂಡಾ ಬೆರೆನ್ಸನ್ ಅಬಟ್ ಒಬ್ಬರು.