ಹಕೀಮ್ ಅಜ್ಮಲ್ ಖಾನ್
ಫೆಬ್ರವರಿ 11 ಯುನಾನಿ ದಿನ. ಅದು ಹಕೀಮ್ ಅಜ್ಮಲ್ ಖಾನರ ಜನ್ಮದಿನ. 1868ರಲ್ಲಿ ದೆಹಲಿಯ ಹೆಸರಾಂತ ಹಕೀಮರ ಮನೆತನದಲ್ಲಿ ಹುಟ್ಟಿದ ಅವರು 1911ರಲ್ಲಿ ಯುರೋಪಿಗೂ ಹೋಗಿ ಬಂದರು. ಅವರು ಕಟ್ಟಿದ ತಿಬ್ಬಿಯಾ ಕಾಲೇಜನ್ನು 1921ರಲ್ಲಿ ಗಾಂಧೀಜಿ ಉದ್ಘಾಟಿಸಿದರು. ಅಲ್ಲಿ ಯುನಾನಿ, ಆಯುರ್ವೇದದ ಜೊತೆಗೆ ಇಂಗ್ಲಿಷ್ ವೈದ್ಯವನ್ನೂ ಕಲಿಸಿದರು. 1927ರಲ್ಲಿ ಅವರು ತೀರಿಕೊಂಡರು. ನಂತರ ಅಲ್ಲೇ ಸಂಶೋಧನೆ ಮಾಡಿದ ಸಲೀಮುಜ್ಜಮಾನ್ ಸಿದ್ದಿಕಿಯವರು ಸರ್ಪಗಂಧದ ಬೇರಿನಿಂದ ಒಂದು ಅಂಶವನ್ನು ಬೇರ್ಪಡಿಸಿ, ಹಕೀಮರ ನೆನಪಿಗೆ ಅಜ್ಮಲಿನ್ ಎಂದು ಹೆಸರಿಟ್ಟರು. ಅದು ಹೃದಯದ ಬಡಿತ ಏರುಪೇರಾದಾಗ ಕೊಡುವ ಔಷಧಿಯಾಯಿತು.

ಅದೇ ಬೇರು ಬಿಪಿಯನ್ನೂ ಇಳಿಸುತ್ತದೆ. ಬಿಪಿ ಮಾತ್ರೆ ನುಂಗುವವರು ಡಾಕ್ಟರಿಗೆ ಹೇಳದೆ ಅದನ್ನೂ ತೆಗೆದುಕೊಂಡರೆ ಬಿಪಿ ತೀರಾ ಕುಸಿಯಬಹುದು. ವಿರೂಪಾಕ್ಷಿಪುರದಲ್ಲಿ ನಮ್ಮ ದಾದಿಮಾ ಡಾಕ್ಟರ್ ಮಾತ್ರೆ, ಯುನಾನಿ ಪುಡಿ ಎರಡನ್ನೂ ನಂಬುತ್ತಾರೆ. ಎರಡೂ ಚೀಟಿಗಳನ್ನು ಇಬ್ಬರಿಗೂ ತೋರಿಸಿ ಎಂದು ನಾನು ಅವರಿಗೆ ಹೇಳುತ್ತೇನೆ. ನಿಮ್ಮ ಮನೆಯ ಹಿರಿಯರಿಗೂ ಹೇಳಿ.