ಸೂಜಿಗಲ್ಲಿನ ವೈದ್ಯ ವಿಲಿಯಂ ಗಿಲ್ಬರ್ಟ್

ಹಿಂದಿನ ವರ್ಷ ವಿದ್ಯಾರ್ಥಿವೇತನದ ಅರ್ಜಿಯನ್ನು ಸಲ್ಲಿಸಲು ನಾನು ಒಂದು ಕಚೇರಿಗೆ ಹೋಗಿದ್ದೆನು. ಗುಮಾಸ್ತರ ಮೇಜಿನ ಮೇಲೆ ಗುಂಡುಸೂಜಿಯ ಡಬ್ಬಿಯೊಂದಿತ್ತು. ಅದರ ಬಾಯಿಗೆ ಅಯಸ್ಕಾಂತವನ್ನು ಕೂರಿಸಿದ್ದುದರಿಂದ ಸೂಜಿಗಳು ಮುಳ್ಳುಹಂದಿಯ ಮುಳ್ಳುಗಳಂತೆ ಎದ್ದು ನಿಂತಿದ್ದವು. ಬೇಸರ ಕಳೆಯಲು ನಾನು ನನ್ನ ಪ್ಲಾಸ್ಟಿಕ್ ಸ್ಕೇಲನ್ನು ತಲೆಗೂದಲಿಗೆ ಉಜ್ಜಿ ಕಾಗದದ ಚೂರುಗಳ ಬಳಿ ಹಿಡಿದೆನು. ಅವೂ ಹಾರಿ ಬಂದು ಅಂಟಿಕೊಂಡವು. ಎರಡೂ ಒಂದೇ ಬಗೆಯ ಸೆಳೆತವೆಂದು ಅಂದು ತಿಳಿದೆನು. ಬಳಿಕ ಅರ್ಜಿಯಲ್ಲಿ ತಂದೆಯ ಉದ್ಯೋಗವೆಂಬ ಕಾಲಂನಲ್ಲಿ ವ್ಯವಸಾಯವೆಂದು ಬರೆದೆನು. ನಮಗೆ ಹೊಲವಿಲ್ಲ, ನಮ್ಮ ತಂದೆಯವರು ಕುಲುಮೆ ನಡೆಸುವವರು. ಹಾಗೆ ಬರೆಯಲು ನನಗೆ ನಾಚಿಕೆಯಾಯಿತು. ನನ್ನ ಈ ಎರಡು ತಪ್ಪುಗಳನ್ನೂ ತಿದ್ದಿದವನು ನಾಲ್ಕು ಶತಮಾನಗಳ ಹಿಂದೆ ತೀರಿಕೊಂಡ ಒಬ್ಬ ಆಂಗ್ಲ ವೈದ್ಯನು.

ಇತಿಹಾಸದ ತರಗತಿಯಲ್ಲಿ ಎಲಿಜಬೆತ್ ರಾಣಿಯ ಕಾಲವನ್ನು ಓದುತ್ತಿದ್ದಾಗ ಆಕೆಯ ವೈದ್ಯ ವಿಲಿಯಂ ಗಿಲ್ಬರ್ಟನ ಹೆಸರು ಕಣ್ಣಿಗೆ ಬಿದ್ದಿತು. ಕುತೂಹಲದಿಂದ ಅವನ ಚರಿತ್ರೆಯನ್ನು ಹುಡುಕಿ ಓದಿದೆನು. ಅವನು 1544ರಲ್ಲಿ ಇಂಗ್ಲೆಂಡಿನ ಕಾಲ್ಚೆಸ್ಟರ್ ಪಟ್ಟಣದಲ್ಲಿ ಜನಿಸಿದನು. ಬಡವನ ಮಗನಲ್ಲ, ತಂದೆ ಆ ಪಟ್ಟಣದ ನ್ಯಾಯಾಧಿಕಾರಿಯಾಗಿದ್ದನು. ಕೇಂಬ್ರಿಜ್‌ನಲ್ಲಿ ಓದಿ 1569ರಲ್ಲಿ ವೈದ್ಯಶಾಸ್ತ್ರದಲ್ಲಿ ಡಾಕ್ಟರ್ ಪದವಿ ಪಡೆದನು. ಲಂಡನ್ನಿನಲ್ಲಿ ವೈದ್ಯವೃತ್ತಿ ಹಿಡಿದು ಹೆಸರು ಗಳಿಸಿ, 1600ರಲ್ಲಿ ಅಲ್ಲಿನ ವೈದ್ಯರ ಸಂಘಕ್ಕೆ ಅಧ್ಯಕ್ಷನಾದನು. ಅವನು ಮದುವೆಯಾಗಲಿಲ್ಲ. ವೃತ್ತಿಯಿಂದ ಉಳಿದ ಕಾಲವೆಲ್ಲ ಸೂಜಿಗಲ್ಲಿನ ಪರೀಕ್ಷೆಗೇ ಮೀಸಲಾಯಿತು.

ಆ ಕಾಲದಲ್ಲಿ ಸೂಜಿಗಲ್ಲಿನ ಬಗ್ಗೆ ಪಂಡಿತರ ಗ್ರಂಥಗಳಲ್ಲಿ ವಿಚಿತ್ರ ನಂಬಿಕೆಗಳು ತುಂಬಿದ್ದವು. ಬೆಳ್ಳುಳ್ಳಿಯನ್ನು ಸವರಿದರೆ ಅದರ ಶಕ್ತಿ ಹೋಗುವುದೆಂದು ಒಬ್ಬ ಬರೆದರೆ, ವಜ್ರಕ್ಕೂ ಕಬ್ಬಿಣವನ್ನು ಸೂಜಿಗಲ್ಲಾಗಿಸುವ ಗುಣವುಂಟೆಂದು ಇನ್ನೊಬ್ಬ ಬರೆದಿದ್ದನು. ಗಿಲ್ಬರ್ಟನು ಬೆಳ್ಳುಳ್ಳಿಯನ್ನು ಸವರಿಯೇ ನೋಡಿದನು. ಹಲವರ ಸಮಕ್ಷಮದಲ್ಲಿ 75 ವಜ್ರಗಳನ್ನು ಪರೀಕ್ಷಿಸಿದನು. ಎರಡು ಮಾತೂ ಸುಳ್ಳಾದವು.

ಇನ್ನು ನನ್ನ ಮೊದಲನೆಯ ತಪ್ಪಿಗೆ ಬರುತ್ತೇನೆ. ಆಂಬರ್ ಎಂಬ ಹಳದಿಯ ಗಟ್ಟಿ ಅಂಟನ್ನು ಉಜ್ಜಿದರೆ ಅದು ಹುಲ್ಲುಕಡ್ಡಿಯನ್ನು ಸೆಳೆಯುತ್ತದೆ. ಆದುದರಿಂದಲೇ ಸಂಸ್ಕೃತದಲ್ಲಿ ಅದಕ್ಕೆ ತೃಣಮಣಿ ಎಂಬ ಹೆಸರು. ಗಿಲ್ಬರ್ಟನು ಹಗುರವಾದ ಲೋಹದ ಮುಳ್ಳೊಂದನ್ನು ಮೊನೆಯ ಮೇಲೆ ತಿರುಗುವಂತೆ ನಿಲ್ಲಿಸಿ, ಉಜ್ಜಿದ ವಸ್ತುಗಳನ್ನು ಅದರ ಬಳಿ ಹಿಡಿದನು. ಆಂಬರ್ ಮಾತ್ರವಲ್ಲ, ಗಾಜು, ಗಂಧಕ, ಕಚೇರಿಗಳಲ್ಲಿ ಮುದ್ರೆಯೊತ್ತುವ ಅರಗು ಕೂಡ ಮುಳ್ಳನ್ನು ತಿರುಗಿಸಿದವು. ಆಂಬರಿನ ಗ್ರೀಕ್ ಹೆಸರು ಎಲೆಕ್ಟ್ರಾನ್. ಅದರಿಂದ ಅವನು ಇವುಗಳಿಗೆ ಇಟ್ಟ ಹೆಸರೇ ಇಂದಿನ ಎಲೆಕ್ಟ್ರಿಸಿಟಿ ಎಂಬ ಮಾತಿಗೆ ಮೂಲವಾಯಿತು. ಸೂಜಿಗಲ್ಲಿಗೆ ಉಜ್ಜುವ ಅಗತ್ಯವಿಲ್ಲ; ಅದು ಮುಖ್ಯವಾಗಿ ಕಬ್ಬಿಣವನ್ನೇ ಸೆಳೆಯುತ್ತದೆ; ನಡುವೆ ಕಾಗದವಿದ್ದರೂ ಬಿಡುವುದಿಲ್ಲ. ಉಜ್ಜಿದ ವಸ್ತುವಾದರೋ ಹಗುರವಾದುದನ್ನೆಲ್ಲ ಸೆಳೆಯುತ್ತದೆ. ಕಾಗದವನ್ನು ಅಡ್ಡ ಹಿಡಿದರೆ, ಗಾಳಿಯಲ್ಲಿ ತೇವವಿದ್ದರೆ ಸೋಲುತ್ತದೆ. ಮಳೆಗಾಲದಲ್ಲಿ ಸ್ಕೇಲಿನ ಆಟ ನಡೆಯದಿರುವುದು ಇದರಿಂದಲೇ. ಉಜ್ಜಿದಾಗ ಎಲೆಕ್ಟ್ರಾನ್ ಕಣಗಳು ಒಂದು ವಸ್ತುವಿನಿಂದ ಇನ್ನೊಂದಕ್ಕೆ ಸೇರುತ್ತವೆಂದು ಇಂದು ನಾವು ಬಲ್ಲೆವು. ಅದು ಅವನಿಗೆ ತಿಳಿದಿರಲಿಲ್ಲ. ಆದರೆ ಎರಡು ಸೆಳೆತಗಳೂ ಬೇರೆಯೆಂದು ವಿವರವಾದ ಪ್ರಯೋಗಗಳಿಂದ ತೋರಿಸಿಕೊಟ್ಟನು.

1600ರಲ್ಲಿ ಅವನ ಲ್ಯಾಟಿನ್ ಗ್ರಂಥ ‘ದಿ ಮ್ಯಾಗ್ನೆಟೆ’ ಪ್ರಕಟವಾಯಿತು. ಸೂಜಿಗಲ್ಲನ್ನು ಚೆಂಡಿನಂತೆ ಕಡೆಸಿ, ಅದರ ಮೇಲೆ ಸಣ್ಣ ಮುಳ್ಳನ್ನಿಟ್ಟು ಪರೀಕ್ಷಿಸಿ, ಭೂಮಿಯೇ ಒಂದು ದೊಡ್ಡ ಅಯಸ್ಕಾಂತವೆಂದು ಅವನು ಸಾರಿದನು. ನಾವಿಕನಾಗಿದ್ದು ದಿಕ್ಸೂಚಿ ತಯಾರಿಸುತ್ತಿದ್ದ ರಾಬರ್ಟ್ ನಾರ್ಮನ್ 1581ರಲ್ಲಿ ಮುಳ್ಳಿನ ಬಾಗುವಿಕೆಯನ್ನು ಕುರಿತು ಬರೆದಿದ್ದನು. ಗಿಲ್ಬರ್ಟನು ಆ ಕಸುಬುದಾರನ ಹೆಸರನ್ನು ಗೌರವದಿಂದ ಹೇಳಿದ್ದಾನೆ. ಅದೇ ಗ್ರಂಥದಲ್ಲಿ ಕಮ್ಮಾರನೊಬ್ಬನ ಚಿತ್ರವಿದೆ. ಕೆಂಪಗೆ ಕಾದ ಕಬ್ಬಿಣವನ್ನು ಉತ್ತರ ದಕ್ಷಿಣವಾಗಿ ಇಟ್ಟು ಬಡಿದರೆ ತಣ್ಣಗಾಗುವಷ್ಟರಲ್ಲಿ ಅದೇ ಅಯಸ್ಕಾಂತವಾಗುವುದೆಂದು ತೋರಿಸುವ ಚಿತ್ರವದು. ಅದನ್ನು ಕಂಡು ನಾನು ಬಹಳ ಹೊತ್ತು ಪುಟ ತಿರುವಲಿಲ್ಲ.

ಅವನೂ ತಪ್ಪಿದ್ದುಂಟು. ಭೂಮಿ ತನ್ನ ಸುತ್ತ ತಿರುಗಲು ಅಯಸ್ಕಾಂತ ಶಕ್ತಿಯೇ ಕಾರಣವೆಂದು ನಂಬಿದ್ದನು. 1603ರಲ್ಲಿ, ರಾಣಿ ತೀರಿಕೊಂಡ ವರ್ಷವೇ, ಅವನೂ ಕಾಲವಾದನು. ವೈದ್ಯರ ಸಂಘಕ್ಕೆ ಅವನು ಬಿಟ್ಟುಹೋದ ಪುಸ್ತಕಗಳೂ ಉಪಕರಣಗಳೂ 1666ರ ಲಂಡನ್ ಬೆಂಕಿಯಲ್ಲಿ ನಾಶವಾದವು.

ದಸರಾ ರಜೆಯಲ್ಲಿ ನಮ್ಮ ಭೂಗೋಳ ಅಧ್ಯಾಪಕರಿಂದ ದಿಕ್ಸೂಚಿಯೊಂದನ್ನು ಕೇಳಿ ಪಡೆದು ಊರಿಗೆ ಹೋದೆನು. ಬಡಿದು ಬಡಿದು ಹಳೆಯದಾದ ಚಾಣಕ್ಕೆ ಅರದ ಪುಡಿ ಅಂಟುವುದು ನಮ್ಮ ತಂದೆಯವರಿಗೆ ಮೊದಲಿನಿಂದಲೂ ಗೊತ್ತಿತ್ತು; ನಾನೇ ಎಂದೂ ಕೇಳಿರಲಿಲ್ಲ. ನಾನು ತಿದಿಯೊತ್ತಿದೆನು. ಅವರು ಉಕ್ಕಿನ ಸಲಾಕೆಯನ್ನು ಕಾಯಿಸಿ ಉತ್ತರ ದಕ್ಷಿಣವಾಗಿ ಇಟ್ಟು ಬಡಿದರು. ತಣ್ಣಗಾದ ಮೇಲೆ ಅದರ ಉತ್ತರದ ತುದಿಯನ್ನು ಹತ್ತಿರ ತಂದಾಗ ದಿಕ್ಸೂಚಿಯ ಉತ್ತರದ ಮುಳ್ಳು ಹಿಂದೆ ಸರಿಯಿತು. ತಂದೆಯವರು ಏನೂ ಹೇಳದೆ ಸಲಾಕೆಯನ್ನು ಮತ್ತೆ ಕೆಂಪಗೆ ಕಾಯಿಸಿ, ಈ ಸಲ ತುದಿಗಳನ್ನು ಅದಲುಬದಲು ಮಾಡಿಟ್ಟು ಬಡಿದರು. ಈಗ ಅದೇ ತುದಿ ಮುಳ್ಳನ್ನು ತನ್ನತ್ತ ಸೆಳೆಯಿತು. ಶಾಲೆಯ ಮೆಟ್ಟಿಲು ಹತ್ತದ ಅವರಿಗೆ ಈ ಪರೀಕ್ಷೆಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಪದವಿಯ ಹೊಸ್ತಿಲಲ್ಲಿರುವ ನನಗೆ ಅದು ಹೊಳೆದಿರಲಿಲ್ಲ.

ಈ ವರ್ಷದ ಅರ್ಜಿಯಲ್ಲಿ ತಂದೆಯ ಉದ್ಯೋಗ ಕಮ್ಮಾರಿಕೆಯೆಂದು ಬರೆದಿದ್ದೇನೆ.