ಗಾಳಿ ಟಯರಿನ ಡನ್‌ಲಪ್

ಗೋವೆಯಲ್ಲಿ ಡಾಮರು ಮುಗಿದು ಮುರಕಲ್ಲಿನ ಕೆಂಪು ದಾರಿ ಶುರುವಾಗುವಲ್ಲಿ ಹಳೆಯ ರೇಸ್ ಸೈಕಲಿನ ಸಪೂರ ಟಯರು ಸವಾರನ ಬೆನ್ನು ಮುರಿಯುತ್ತದೆ. ಟಯರು ಅಗಲವಾದರೆ ಗಾಳಿ ಕಡಿಮೆ ತುಂಬಿಸಿದರೂ ಸಾಕು, ಕುಲುಕಾಟ ತಗ್ಗುತ್ತದೆ. (ಫೋರ್ಕು, ಬ್ರೇಕಿನ ನಡುವೆ ಎಡೆಯಿದೆಯೇ ಎಂದು ಮೊದಲು ನೋಡಬೇಕು.)

ಈ ಸುಖ ಕೊಟ್ಟವರು ಜಾನ್ ಬಾಯ್ಡ್ ಡನ್‌ಲಪ್. 1840ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಬೆಲ್‌ಫಾಸ್ಟಿನಲ್ಲಿ ದನಕುದುರೆಗಳ ವೈದ್ಯರಾಗಿದ್ದವರು. ಮಗನ ಮೂರುಗಾಲಿಯ ಸೈಕಲು ಕುಲುಕುವುದನ್ನು ಕಂಡು 1887ರಲ್ಲಿ ರಬ್ಬರ್ ಕೊಳವೆಗೆ ಗಾಳಿ ತುಂಬಿಸಿ ಗಾಲಿಗೆ ಸುತ್ತಿದರು. ಮರುವರ್ಷ ಪೇಟೆಂಟೂ ಸಿಕ್ಕಿತು. ದಪ್ಪ ಟಯರು ಕಂಡು ನಕ್ಕವರು, 1889ರಲ್ಲಿ ವಿಲಿಯಂ ಹ್ಯೂಮ್ ಅದರಲ್ಲೇ ಪಂದ್ಯ ಗೆದ್ದಾಗ ಬಾಯಿ ಮುಚ್ಚಿದರು.

ಆದರೆ ರಾಬರ್ಟ್ ಥಾಮ್ಸನ್ ಎಂಬವರು ದಶಕಗಳ ಹಿಂದೆಯೇ ಇಂಥದಕ್ಕೆ ಪೇಟೆಂಟು ಪಡೆದಿದ್ದರು, ಡನ್‌ಲಪ್ಪರದು ರದ್ದಾಯಿತು. ಕಂಪೆನಿ ಬೆಳೆಯಿತು, ದೊಡ್ಡ ಸಿರಿ ಅವರ ಪಾಲಿಗೆ ಬರಲಿಲ್ಲ. 1921ರಲ್ಲಿ ಡಬ್ಲಿನ್ನಿನಲ್ಲಿ ತೀರಿಕೊಂಡರು.